ಹಳೆ ಸ್ಪೋರ್ಟ್ಸ್ ಕಾರಿಗೆ ಎಸಿ: ಗ್ಯಾಸ್ ಕೊನೆಗೆ, ಉಳಿದದ್ದೆಲ್ಲ ಮೊದಲು

ಏಪ್ರಿಲ್ ಬಂತೆಂದರೆ ಮಂಗಳೂರು-ಉಡುಪಿ ಕಡೆಯ ಹಳೆ ಕಾರಿನವರಿಂದ ಎರಡೇ ದೂರು. ಒಂದು, "ಹೋದ ವರ್ಷ ತಾನೇ ಗ್ಯಾಸ್ ತುಂಬಿಸಿದ್ದೆ, ಈಗ ಮತ್ತೆ ತಂಪಿಲ್ಲ." ಇನ್ನೊಂದು, "ಎಸಿ ಹಾಕಿದ ಮೇಲೆ ಎಂಜಿನ್ ಬಿಸಿ ಏರುತ್ತಿದೆ." ಇಂಥ ಕಾರುಗಳ ಬಾನೆಟ್ ಎತ್ತಿ ನೋಡಿದರೆ ಸಾಮಾನು ಕೆಟ್ಟದಾಗಿರುವುದಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಗ್ಯಾಸಿನಿಂದ ಶುರು ಮಾಡಿರುತ್ತಾರೆ, ಫ್ಯಾನು-ರೇಡಿಯೇಟರ್ ಕಡೆಗೆ ನೋಡಿಯೇ ಇರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಎಸಿಗೆ ಎರಡು ಪಟ್ಟು ಕೆಲಸ. ಗಾಳಿಯನ್ನು ತಂಪು ಮಾಡುವ ಮೊದಲು ಅದರಲ್ಲಿರುವ ನೀರನ್ನು ಹಿಂಡಿ ತೆಗೆಯಬೇಕು. ಬೆಂಗಳೂರಿನಲ್ಲಿ ಹಾಯಾಗಿ ನಡೆದ ಎಸಿ ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ಸುಸ್ತಾಗುವುದು ಇದೇ ಕಾರಣಕ್ಕೆ. ಅದೇ ತೇವ ಪೈಪಿನೊಳಗೆ ಸೇರಿಕೊಂಡರೆ ಇಡೀ ವ್ಯವಸ್ಥೆಯನ್ನು ಒಳಗಿಂದ ತಿನ್ನುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೂ ಮುಂದಿನದು ವ್ಯರ್ಥ.

## ಮೊದಲು ನಿಮ್ಮ ಕಾರು ಯಾವ ಬಗೆ ನೋಡಿ

ಒಂದು ಬಗೆಯಲ್ಲಿ ಕಂಪನಿಯಿಂದಲೇ ಎಸಿ ಬಂದಿರುತ್ತದೆ. 1971ರಿಂದ 1989ರವರೆಗೆ ಬಂದ ಮರ್ಸಿಡಿಸ್ ಎಸ್‌ಎಲ್, 1980ರ ದಶಕದವರೆಗಿನ, ಗಾಳಿಯಿಂದ ತಂಪಾಗುವ ಎಂಜಿನ್ನಿನ ಪೋರ್ಷೆ 911, ಇಂಥವು. ಇವುಗಳ ಎಸಿ ಆರ್12 ಗ್ಯಾಸ್‌ಗೆ ಮಾಡಿದ್ದು. ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ನಿಲ್ಲಿಸುತ್ತಾ ಬಂದರು. ಭಾರತದಲ್ಲಿ 2008ಕ್ಕೆ ತಯಾರಿಕೆ ನಿಂತಿತು. ಈಗ ಇಂಥ ಕಾರನ್ನು ಆರ್134ಎ ಗ್ಯಾಸ್‌ಗೆ ಬದಲಾಯಿಸಬೇಕು.

ಇನ್ನೊಂದು ಬಗೆಯಲ್ಲಿ ಎಸಿಗೆ ಜಾಗವನ್ನೇ ಬಿಟ್ಟಿರುವುದಿಲ್ಲ. ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್ ಥರದ ಬ್ರಿಟಿಷ್ ಕಾರುಗಳು ಈ ಗುಂಪಿನವು. ಇವಕ್ಕೆ ಎಲ್ಲವನ್ನೂ ಹೊಸದಾಗಿ ಕೂರಿಸಬೇಕು. ನಿಮ್ಮದು ಕಾಂಟೆಸ್ಸಾ ಅಥವಾ ಪದ್ಮಿನಿ ಆದರೂ ವಿಧಾನ ಇದೇ. ಜಾಗ ಸ್ವಲ್ಪ ಜಾಸ್ತಿ ಸಿಗುತ್ತದೆ, ಅಷ್ಟೇ.

## ಬೇಕಾಗುವ ಸಲಕರಣೆ

ಮಾಮೂಲಿ ಪಾನಾಗಳ ಜೊತೆಗೆ ಇವು ಬೇಕೇ ಬೇಕು: ಒತ್ತಡ ಅಳೆಯುವ ಆರ್134ಎ ಗೇಜ್ ಸೆಟ್, ಎರಡು ಹಂತದ ವ್ಯಾಕ್ಯೂಮ್ ಪಂಪ್, ರೆಗ್ಯುಲೇಟರ್ ಇರುವ ನೈಟ್ರೋಜನ್ ಸಿಲಿಂಡರ್, ಗ್ರಾಂ ತೋರಿಸುವ ತೂಕದ ಯಂತ್ರ, ಮಲ್ಟಿಮೀಟರ್, ಕಡ್ಡಿಯಂಥ ಥರ್ಮಾಮೀಟರ್, ನೇರವಾದ ಲೋಹದ ಪಟ್ಟಿ, ಸೋಪಿನ ನೀರು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ವ್ಯಾಕ್ಯೂಮ್ ಅಳೆಯುವ ಮೈಕ್ರಾನ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು.

ಎಲ್ಲವನ್ನೂ ಕೊಳ್ಳಬೇಕಿಲ್ಲ. ಮನೆ ಎಸಿ ರಿಪೇರಿ ಮಾಡುವವರ ಬಳಿ ನೈಟ್ರೋಜನ್ ಮತ್ತು ಒಳ್ಳೆಯ ವ್ಯಾಕ್ಯೂಮ್ ಪಂಪ್ ಇರುತ್ತವೆ. ಬಾಡಿಗೆಗೆ ಕರೆಸಬಹುದು. ಆದರೆ ಅವರ ಗೇಜ್ ಮತ್ತು ಹೋಸ್ ಬಳಸಬೇಡಿ. ಅವುಗಳೊಳಗೆ ಬೇರೆ ಗ್ಯಾಸು, ಬೇರೆ ಎಣ್ಣೆ ಉಳಿದಿರುತ್ತದೆ.

## ಹಂತ 1: ಎಸಿ ಇಲ್ಲದೆಯೇ ಎಂಜಿನ್ ತಂಪಾಗಿದೆಯಾ?

ಹೆಚ್ಚಿನವರು ಹಾರಿಸುವ ಹಂತ ಇದೇ. ಎಸಿ ಅಂದರೆ ಕಾರಿನೊಳಗಿನ ಬಿಸಿಯನ್ನು ತಂದು ರೇಡಿಯೇಟರಿನ ಮುಂದೆ ಸುರಿಯುವ ಯಂತ್ರ. ಆ ಬಿಸಿ ಗಾಳಿಯೇ ಆಮೇಲೆ ರೇಡಿಯೇಟರ್ ಮೂಲಕ ಹೋಗಬೇಕು. ಮೊದಲೇ ಏದುಸಿರು ಬಿಡುತ್ತಿರುವ ರೇಡಿಯೇಟರ್ ಇದನ್ನು ತಡೆಯುವುದಿಲ್ಲ.

ಪರೀಕ್ಷೆ ಸುಲಭ. ಮಧ್ಯಾಹ್ನ ಉಡುಪಿಯ ಕಲ್ಸಂಕದಿಂದ ಮಣಿಪಾಲಕ್ಕೆ ಏರಿ, ಮೇಲೆ ನಿಂತು ಹತ್ತು ನಿಮಿಷ ಎಂಜಿನ್ ಓಡುತ್ತಲೇ ಇರಲಿ. ಮಂಗಳೂರಿನವರಾದರೆ ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಏರು ಸಾಕು. ಸೂಜಿ ಏರುತ್ತಲೇ ಹೋದರೆ ಎಸಿ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಇದನ್ನು ಸರಿ ಮಾಡಿ.

ನೋಡಬೇಕಾದ್ದು: ರೇಡಿಯೇಟರ್ ಕೋರ್ ಒಳಗೆ ಕಟ್ಟಿದೆಯೇ, ಹೊರಗೆ ಫಿನ್‌ಗಳು ಉಪ್ಪುಗಾಳಿಗೆ ಉದುರಿವೆಯೇ, ಥರ್ಮೋಸ್ಟಾಟ್ ಸರಿಯಾಗಿ ತೆರೆಯುತ್ತದೆಯೇ, ಮುಚ್ಚಳದ ಸ್ಪ್ರಿಂಗ್ ಒತ್ತಡ ಹಿಡಿಯುತ್ತದೆಯೇ. ಬೇಕಿದ್ದರೆ ಒಂದು ಸಾಲು ಜಾಸ್ತಿ ಇರುವ ಕೋರ್ ಹಾಕಿಸಿ. "ಥರ್ಮೋಸ್ಟಾಟ್ ತೆಗೆದುಬಿಡಿ, ಬಿಸಿ ಆಗಲ್ಲ" ಅನ್ನುವ ಸಲಹೆ ಕೇಳಬೇಡಿ. ಹಳೆಯ ಎಂಜಿನ್‌ಗೆ ಅದು ನಿಧಾನ ವಿಷ.

ಫ್ಯಾನಿನ ಸುತ್ತ ಕವಚ ಇಲ್ಲದಿದ್ದರೆ ಮಾಡಿಸಿ. ಕವಚವಿಲ್ಲದ ಫ್ಯಾನ್ ತನ್ನ ಎದುರಿನ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ. ರೇಡಿಯೇಟರಿನ ನಾಲ್ಕು ಮೂಲೆಗಳು ಸುಮ್ನೆ ಕೂತಿರುತ್ತವೆ.

911ರವರಿಗೆ ರೇಡಿಯೇಟರ್ ಇಲ್ಲ. ಆದರೆ ಎಣ್ಣೆಯ ಬಿಸಿಯನ್ನು ಇದೇ ರೀತಿ ಏರಿನಲ್ಲಿ ನೋಡಿ.

## ಹಂತ 2: ಕರೆಂಟ್ ಲೆಕ್ಕ

ಪೇಪರ್ ಪೆನ್ನು ಹಿಡಿದು ಕೂಡಿಸಿ. ಬ್ಲೋವರ್ (ಒಳಗೆ ತಂಪು ಗಾಳಿ ಊದುವ ಫ್ಯಾನ್) ಸುಮಾರು 10 ಆಂಪ್ಸ್, ಕಂಡೆನ್ಸರ್ (ರೇಡಿಯೇಟರ್ ಮುಂದೆ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಫ್ಯಾನ್ ಇನ್ನೊಂದು 10, ಗ್ಯಾಸ್ ಒತ್ತುವ ಕಂಪ್ರೆಸರನ್ನು ಬೆಲ್ಟಿಗೆ ಹಿಡಿಸಿ-ಬಿಡಿಸುವ ಕ್ಲಚ್ 4. ಆಷಾಢದ ಮಳೆಯಲ್ಲಿ ರಾತ್ರಿ ಹೊರಟರೆ ಹೆಡ್‌ಲೈಟ್ 10, ವೈಪರ್ 3-4, ಇಗ್ನಿಷನ್ 4. ಸುಲಭವಾಗಿ 40 ದಾಟಿತು ಅಲ್ವಾ?

ಈಗ ಕಾರಿನಲ್ಲಿರುವುದನ್ನು ನೋಡಿ. ಲೂಕಾಸ್ ಸಿ40 ಡೈನಮೋ ಕೊಡುವುದೇ 22 ಆಂಪ್ಸ್. ಅದರ ನಂತರದ 16ಎಸಿಆರ್ ಆಲ್ಟರ್ನೇಟರ್ 34. ಎರಡೂ ಸಾಲದು. ಕಡಿಮೆಯೆಂದರೂ 60 ಆಂಪ್ಸ್ ಆಲ್ಟರ್ನೇಟರ್ ಬೇಕು. ಇಲ್ಲೇ ಸಿಗುವ ಲೂಕಾಸ್ ಟಿವಿಎಸ್‌ನ ಒಂದನ್ನು ಆರಿಸಿ, ಬ್ರಾಕೆಟ್ ಮತ್ತು ಪುಲ್ಲಿಯನ್ನು ಲೇತ್‌ನಲ್ಲಿ ಹೊಂದಿಸಿಕೊಳ್ಳಬಹುದು.

1967ರವರೆಗಿನ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಬಾಡಿಯ ಲೋಹಕ್ಕೆ ಜೋಡಿಸಿರುತ್ತದೆ. ಆಲ್ಟರ್ನೇಟರ್ ಹಾಕುವಾಗಲೇ ಅದನ್ನು ಮೈನಸ್‌ಗೆ ಬದಲಾಯಿಸಿ. ಇದನ್ನು ಮರೆತು ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡ್‌ಗಳು ಆ ಕ್ಷಣವೇ ಸುಟ್ಟುಹೋಗುತ್ತವೆ.

ಬ್ಲೋವರ್, ಫ್ಯಾನ್, ಕ್ಲಚ್ ಮೂರಕ್ಕೂ ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸ್ ಇರಲಿ. ಕರೆಂಟ್ ನೇರ ಬ್ಯಾಟರಿ ಕಡೆಯಿಂದ ಬರಲಿ. ಹಳೆಯ ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕ 10 ಆಂಪ್ಸ್ ಹರಿಸಿದರೆ ಸ್ವಿಚ್ ಕರಗುತ್ತದೆ. ಕರಾವಳಿಯ ಕಾರಿನಲ್ಲಿ ಅರ್ಥ್ (ವೈರು ಬಾಡಿಯ ಲೋಹಕ್ಕೆ ಸೇರುವ) ಜಾಗ ಹಸಿರು ತುಕ್ಕು ಹಿಡಿದಿರುತ್ತದೆ. ಎಲ್ಲ ಅರ್ಥ್ ಬಿಂದುಗಳನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಬಿಗಿದು, ಗ್ರೀಸ್ ಹಚ್ಚಿ.

## ಹಂತ 3: ಹಳೆಯ ಎಸಿ ಇದ್ದರೆ ಬಿಚ್ಚಿ ತೊಳೆಯುವುದು

ಹೊಸದಾಗಿ ಕೂರಿಸುವವರು ಈ ಹಂತ ದಾಟಿ ಮುಂದಕ್ಕೆ ಹೋಗಿ.

ಒಳಗೆ ಗ್ಯಾಸ್ ಉಳಿದಿದ್ದರೆ ಗಾಳಿಗೆ ಬಿಡಬೇಡಿ. ರಿಕವರಿ ಯಂತ್ರ ಇರುವ ಗ್ಯಾರೇಜಿನಲ್ಲಿ ತೆಗೆಸಿ. ಆಮೇಲೆ ಒಂದೊಂದೇ ಜಾಯಿಂಟ್ ಬಿಚ್ಚಿ. ಅಲ್ಯೂಮಿನಿಯಂ ಜಾಯಿಂಟ್‌ಗಳಿಗೆ ಎರಡು ಪಾನಾ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದೇ ಪಾನಾ ಹಾಕಿದರೆ ಪೈಪೇ ತಿರುಚಿಕೊಳ್ಳುತ್ತದೆ. ಬಿಚ್ಚಿದ ಪ್ರತಿ ತುದಿಗೂ ತಕ್ಷಣ ಮುಚ್ಚಳ ಹಾಕಿ, ಇಲ್ಲವೇ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿ. ನಮ್ಮ ಹವೆಯಲ್ಲಿ ಒಂದು ರಾತ್ರಿ ಬಾಯಿ ತೆರೆದಿಟ್ಟರೂ ಒಳಗೆ ತೇವ ಕೂರುತ್ತದೆ.

ಬಂದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ತಿಳಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿದ್ದು ಲೋಹದ ಪುಡಿ ಹೊಳೆದರೆ ಕಂಪ್ರೆಸರ್ ಒಳಗೇ ಸವೆದಿದೆ ಎಂದರ್ಥ. ಆಗ ಕಂಪ್ರೆಸರ್ ಮತ್ತು ಕಂಡೆನ್ಸರ್ ಎರಡೂ ಬದಲಾಯಿಸಲೇಬೇಕು. ಆ ಪುಡಿ ಕಂಡೆನ್ಸರಿನ ಸಣ್ಣ ಕೊಳವೆಗಳಲ್ಲಿ ಕೂತರೆ ಯಾವ ತೊಳೆತಕ್ಕೂ ಬಿಡುವುದಿಲ್ಲ.

ಕೂಲಿಂಗ್ ಕಾಯಿಲ್ (ಕಾರಿನೊಳಗೆ ಗಾಳಿಯನ್ನು ತಂಪು ಮಾಡುವ ಜಾಲರಿ) ಮತ್ತು ಉಳಿಸಿಕೊಳ್ಳುವ ಲೋಹದ ಪೈಪ್‌ಗಳನ್ನು ಎಸಿ ಫ್ಲಶ್ ದ್ರಾವಣದಿಂದ ತೊಳೆದು, ನೈಟ್ರೋಜನ್ ಊದಿ ಒಣಗಿಸಿ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಬೇಡವೇ ಬೇಡ. ಕಂಪ್ರೆಸರ್, ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ), ಎಕ್ಸ್‌ಪಾನ್ಷನ್ ವಾಲ್ವ್ (ಕಾಯಿಲ್‌ಗೆ ಗ್ಯಾಸನ್ನು ಅಳೆದು ಬಿಡುವ ವಾಲ್ವ್) ಒಳಗೆ ಫ್ಲಶ್ ಹಾಕಬಾರದು.

ಇವನ್ನು ನೋಡದೆಯೇ ಎಸೆಯಿರಿ: ಎಲ್ಲ ಓ ರಿಂಗ್‌ಗಳು (ಜಾಯಿಂಟಿನೊಳಗಿನ ರಬ್ಬರ್ ಬಳೆಗಳು), ಡ್ರೈಯರ್, ಹಳೆಯ ರಬ್ಬರ್ ಹೋಸ್‌ಗಳು. ಆರ್134ಎ ಹಳೆಯ ರಬ್ಬರ್ ಗೋಡೆಯ ಮೂಲಕವೇ ನಿಧಾನವಾಗಿ ಹೊರಗೆ ಹೋಗುತ್ತದೆ. "ವರ್ಷಕ್ಕೊಮ್ಮೆ ಗ್ಯಾಸ್" ಕಥೆಯ ಅರ್ಧ ಭಾಗ ಇಲ್ಲಿದೆ. 911ರಲ್ಲಿ ಹೋಸ್ ಹಿಂದಿನ ಎಂಜಿನ್ನಿನಿಂದ ಮುಂಭಾಗದವರೆಗೆ ಓಡುವುದರಿಂದ ನಷ್ಟ ಇನ್ನೂ ಜಾಸ್ತಿ.

## ಹಂತ 4: ಕಂಪ್ರೆಸರ್ ಮತ್ತು ಬ್ರಾಕೆಟ್

ಹಳೆಯ ಕಾರುಗಳಲ್ಲಿ ಯಾರ್ಕ್ ಕಂಪ್ರೆಸರ್ ಇರುತ್ತಿತ್ತು. ಭಾರ ಜಾಸ್ತಿ, ನಡುಕವೂ ಜಾಸ್ತಿ. ಮೂಲ ರೂಪವೇ ಬೇಕು ಅನ್ನುವ ಹಟ ಇಲ್ಲದಿದ್ದರೆ ಸ್ಯಾಂಡೆನ್ ರೀತಿಯ ದುಂಡು ಕಂಪ್ರೆಸರ್ ಹಾಕಿ. ಎಸ್‌ಡಿ5ಎಚ್14 ಅಥವಾ ಅದೇ ಗಾತ್ರದ್ದು ಎರಡು ಸೀಟಿನ ಕಾರಿಗೆ ಸಾಕು. ದೊಡ್ಡದು ಹಾಕಿದರೆ ತಂಪು ಹೆಚ್ಚುತ್ತದೆ ಅನ್ನುವುದು ತಪ್ಪು. ಸಣ್ಣ ಎಂಜಿನ್ನಿನ ಶಕ್ತಿಯನ್ನು ತಿನ್ನುವುದು ಮಾತ್ರ ಹೆಚ್ಚುತ್ತದೆ. ಎಣ್ಣೆ ತುಂಬುವ ಪ್ಲಗ್ ಕೆಳಮುಖ ಆಗದಂತೆ ಕೂರಿಸಿ.

ಬ್ರಾಕೆಟ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. 8ರಿಂದ 10 ಮಿ.ಮೀ. ದಪ್ಪದ ಪ್ಲೇಟ್ ಬಳಸಿ, ಎಂಜಿನ್ ಬ್ಲಾಕ್‌ಗೆ ಕನಿಷ್ಠ ಮೂರು ಕಡೆ ಬೋಲ್ಟ್ ಹಿಡಿಯಲಿ. ಕಾರಿನ ಬಾಡಿಯ ಮೇಲೆ ಬ್ರಾಕೆಟ್ ಕಟ್ಟಬಾರದು. ಎಂಜಿನ್ ಅಲುಗಾಡಿದಂತೆ ಕಂಪ್ರೆಸರ್ ಕೂಡ ಜೊತೆಗೇ ಅಲುಗಾಡಬೇಕು. ಬೈಕಂಪಾಡಿ ಕಡೆಯ ಲೇತ್ ಕೆಲಸದವರಿಗೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಕ್ರ್ಯಾಂಕ್ ಪುಲ್ಲಿಯಲ್ಲಿ ಖಾಲಿ ಗಾಡಿ (ಬೆಲ್ಟ್ ಕೂರುವ ತೋಡು) ಇಲ್ಲದಿದ್ದರೆ ಎರಡು ಗಾಡಿಯ ಪುಲ್ಲಿ ಮಾಡಿಸಬೇಕು. ಕಂಪ್ರೆಸರ್ ಪುಲ್ಲಿ ಅದಕ್ಕೆ ಕರಾರುವಾಕ್ಕಾಗಿ ನೇರ ಬರಬೇಕು. ಲೋಹದ ಪಟ್ಟಿ ಇಟ್ಟು ನೋಡಿ. ಒಂದೆರಡು ಮಿ.ಮೀ. ತಪ್ಪಿದರೂ ಬೆಲ್ಟ್ ಅಂಚು ಸವೆದು ಕಪ್ಪು ಪುಡಿ ಉದುರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟಿನ ಮಧ್ಯಭಾಗ 10-12 ಮಿ.ಮೀ. ಬಗ್ಗಬೇಕು. ಬಿಗಿ ಜಾಸ್ತಿ ಆದರೆ ವಾಟರ್ ಪಂಪ್ ಬೇರಿಂಗ್ ಹೋಗುತ್ತದೆ.

ಕಾರ್ಬ್ಯುರೇಟರ್ ಎಂಜಿನ್‌ಗೆ ಇನ್ನೂ ಎರಡು ಸಣ್ಣ ಸಾಮಾನು ಹಾಕಿ. ಒಂದು, ಎಸಿ ಆನ್ ಆದಾಗ ಐಡ್ಲಿಂಗ್ ತುಸು ಏರಿಸುವ ವಾಲ್ವ್. ಇದಿಲ್ಲದೆ ಕೊಟ್ಟಾರ ಚೌಕಿ ಸಿಗ್ನಲ್‌ನಲ್ಲಿ ಎಂಜಿನ್ ನಿಂತೇ ಹೋಗುತ್ತದೆ. ಎರಡು, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ರೆಸರ್ ಕ್ಲಚ್ ಬಿಡಿಸುವ ಸ್ವಿಚ್. ಘಾಟಿಯ ಏರಿನಲ್ಲಿ ಲಾರಿ ದಾಟುವಾಗ ಆ ಮೂರ್ನಾಲ್ಕು ಅಶ್ವಶಕ್ತಿ ವಾಪಸ್ ಸಿಗುವುದು ನಿಮ್ಮ ಜೀವದ ಪ್ರಶ್ನೆ.

## ಹಂತ 5: ಕಂಡೆನ್ಸರ್

ಎಸಿಯ ಹಣೆಬರಹ ಬರೆಯುವುದು ಕಂಡೆನ್ಸರ್. ಆರ್12ಕ್ಕಿಂತ ಆರ್134ಎ ಹೆಚ್ಚು ಒತ್ತಡದಲ್ಲಿ ಓಡುತ್ತದೆ. ಹಳೆಯ ಕೊಳವೆ-ಫಿನ್ ಕಂಡೆನ್ಸರ್ ಅದಕ್ಕೆ ಸಾಲದು. ಈಗಿನ ಚಪ್ಪಟೆ ಕೊಳವೆಯ ಪ್ಯಾರಲಲ್ ಫ್ಲೋ ಕಂಡೆನ್ಸರ್ ಹಾಕಿ. ರೇಡಿಯೇಟರ್ ಮುಂದೆ ಎಷ್ಟು ದೊಡ್ಡದು ಹಿಡಿಸುತ್ತದೋ ಅಷ್ಟು ದೊಡ್ಡದು. ಅಳತೆ ತೆಗೆದುಕೊಂಡು ಹೋದರೆ ಇಲ್ಲಿ ಸಿಗುವ ಸಣ್ಣ ಕಾರುಗಳ ಕಂಡೆನ್ಸರ್‌ಗಳಲ್ಲೇ ಒಂದು ಹೊಂದುತ್ತದೆ.

ರೇಡಿಯೇಟರ್‌ಗೂ ಇದಕ್ಕೂ ಒಂದು ಬೆರಳಿನಷ್ಟು ಜಾಗ ಸಾಕು. ಸುತ್ತಲಿನ ಸಂದುಗಳನ್ನು ಫೋಮ್ ಹಚ್ಚಿ ಮುಚ್ಚಿ. ಇಲ್ಲವಾದರೆ ಗಾಳಿ ಕಂಡೆನ್ಸರನ್ನು ಬಿಟ್ಟು ಪಕ್ಕದಿಂದ ಹೋಗುತ್ತದೆ. ಇನ್ನೂ ಕೆಟ್ಟದೆಂದರೆ, ನಿಂತ ಕಾರಿನಲ್ಲಿ ಎಂಜಿನ್ನಿನ ಬಿಸಿ ಗಾಳಿ ಅದೇ ಸಂದಿನಿಂದ ಮುಂದೆ ಬಂದು ಮತ್ತೆ ಒಳಗೆ ಹೋಗುತ್ತದೆ. ಗ್ಯಾಸ್ ಒಳಬರುವ ಪೈಪ್ ಮೇಲೆ, ಹೊರಹೋಗುವುದು ಕೆಳಗೆ.

ಅಲ್ಯೂಮಿನಿಯಂ ಕಂಡೆನ್ಸರನ್ನು ಕಬ್ಬಿಣದ ಪಟ್ಟಿಗೆ ನೇರ ಬಿಗಿಯಬೇಡಿ. ಎರಡು ಲೋಹ ತಾಗಿದ ಕಡೆ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ಪುಡಿಯಾಗುತ್ತದೆ. ನಡುವೆ ರಬ್ಬರ್ ಬುಷ್ ಇರಲಿ. ಫ್ಯಾನನ್ನು ಫಿನ್‌ಗಳ ಮೂಲಕ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವವರಿದ್ದಾರೆ. ನಡುಕಕ್ಕೆ ಆ ಟೈ ಕೊಳವೆಯನ್ನೇ ಕೊರೆಯುತ್ತದೆ. ಫ್ಯಾನ್‌ಗೆ ಬೇರೆ ಚೌಕಟ್ಟು ಮಾಡಿಸಿ. ಹಾಕಿದ ಮೇಲೆ ಫ್ಯಾನ್ ಯಾವ ದಿಕ್ಕಿಗೆ ಗಾಳಿ ತಳ್ಳುತ್ತದೆಂದು ಒಂದು ಕಾಗದ ಹಿಡಿದು ನೋಡಿ. ಉಲ್ಟಾ ವೈರ್ ಹಾಕಿದ ಫ್ಯಾನ್ ಕಾರು ಓಡುವಾಗ ಬರುವ ಗಾಳಿಗೇ ಎದುರಾಗುತ್ತದೆ.

## ಹಂತ 6: ಕೂಲಿಂಗ್ ಕಾಯಿಲ್, ನೀರಿನ ದಾರಿ, ಕಾರಿನೊಳಗಿನ ಬಿಸಿ

ಡ್ಯಾಶ್ ಕೆಳಗೆ ತೂಗುವ ಯೂನಿಟ್ (ಕಾಯಿಲ್, ಬ್ಲೋವರ್ ಇರುವ ಪೆಟ್ಟಿಗೆ) ಹಾಕುವುದಾದರೆ ಮೂಲ ಕಾರಿಗೆ ಹೊಸ ತೂತು ಕೊರೆಯದೆ ಕೂರಿಸಲು ನೋಡಿ. ನಾಳೆ ಬೇಡವೆನಿಸಿದರೆ ಕಾರು ಮೊದಲಿನಂತೆಯೇ ಆಗಬೇಕು.

ಈ ಪೆಟ್ಟಿಗೆಯಿಂದ ಬರುವ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಇಳಿಯಬಹುದು. ಪೆಟ್ಟಿಗೆ ನೀರಿನ ತೂತಿನ ಕಡೆಗೆ ತುಸು ಇಳಿಜಾರಾಗಿರಬೇಕು. ಪೈಪ್ ಒಳ ಅಗಲ ಕನಿಷ್ಠ 12 ಮಿ.ಮೀ. ಇರಲಿ, ಎಲ್ಲೂ ಮಡಚಬಾರದು, ಸೈಲೆನ್ಸರ್ ಪೈಪಿನ ಮೇಲೆ ಬೀಳಬಾರದು. ಕೂರಿಸಿದ ಮೇಲೆ ಒಂದು ಲೋಟ ನೀರು ಹಾಕಿ ಕೆಳಗೆ ಪೂರ್ತಿ ಬಂತೇ ನೋಡಿ. ಬರದಿದ್ದರೆ ಆ ನೀರು ಕಾರ್ಪೆಟ್ ಕೆಳಗೆ ಸೇರಿ, ಎರಡೇ ಮಳೆಗಾಲದಲ್ಲಿ ನೆಲದ ತಗಡು ತೂತಾಗುತ್ತದೆ. ಎಸಿ ಹಾಕಿ ಕಾರನ್ನೇ ಕಳೆದುಕೊಂಡ ಹಾಗೆ.

ಕಾಯಿಲ್ ಫಿನ್‌ಗಳ ನಡುವೆ ಥರ್ಮೋಸ್ಟಾಟ್ ಕಡ್ಡಿ ಚುಚ್ಚಿರಬೇಕು. ಅದು ಸುಮಾರು 1ರಿಂದ 3 ಡಿಗ್ರಿಯಲ್ಲಿ ಕಂಪ್ರೆಸರನ್ನು ಬಿಡಿಸಬೇಕು. ಇದು ಸಡಿಲವಾಗಿದ್ದರೆ ಕಾಯಿಲ್ ಪೂರ್ತಿ ಮಂಜುಗಟ್ಟುತ್ತದೆ, ಬ್ಲೋವರ್ ಕೂಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಎಕ್ಸ್‌ಪಾನ್ಷನ್ ವಾಲ್ವಿನ ಬಲ್ಬನ್ನು (ಬಿಸಿ-ತಂಪು ಗ್ರಹಿಸುವ ತುದಿ) ಕಾಯಿಲಿನ ಹೊರಪೈಪಿಗೆ ಬಿಗಿಯಾಗಿ ಕಟ್ಟಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ.

ಹೀಟರ್ ಇರುವ ಕಾರಾದರೆ ಅದಕ್ಕೆ ಬಿಸಿನೀರು ಹೋಗುವ ಪೈಪಿಗೆ ಗಟ್ಟಿಯಾದ ನಲ್ಲಿ ಹಾಕಿ ಬಂದ್ ಮಾಡಿ. ಹಳೆಯ ಹೀಟರ್ ವಾಲ್ವ್‌ಗಳು ಪೂರ್ತಿ ಮುಚ್ಚುವುದಿಲ್ಲ. ತಂಪು ಕಾಯಿಲ್ ಒಂದು ಕಡೆ, ಕುದಿಯುವ ಹೀಟರ್ ಇನ್ನೊಂದು ಕಡೆ ಇದ್ದರೆ ಯಾವ ಎಸಿ ಗೆಲ್ಲುತ್ತದೆ?

ಫೈರ್‌ವಾಲಿನಲ್ಲಿ ಕೇಬಲ್, ವೈರು ಹೋಗುವ ತೂತುಗಳಿಗೆ ರಬ್ಬರ್ ಗ್ರೊಮೆಟ್ ಹಾಕಿ. ಗೇರ್‌ಬಾಕ್ಸ್ ಸುರಂಗ ಮತ್ತು ಕಾಲಿನ ಕೆಳಗೆ ಶಾಖ ತಡೆಯುವ ಹಾಳೆ ಅಂಟಿಸಿ. ಹೊರಗಾಳಿ ಬರುವ ಬಾಗಿಲು ಪೂರ್ತಿ ಮುಚ್ಚಬೇಕು. ಹೊರಗಿನ ತೇವದ ಗಾಳಿಯನ್ನು ಪದೇ ಪದೇ ಒಣಗಿಸುತ್ತಾ ಕೂತರೆ ಈ ಸಣ್ಣ ಕಾಯಿಲ್‌ನಿಂದ ಆಗದು. ಒಳಗಿನ ಗಾಳಿಯೇ ಸುತ್ತಬೇಕು. ನನ್ನ ಅಭಿಪ್ರಾಯದಲ್ಲಿ ದೊಡ್ಡ ಕಂಪ್ರೆಸರ್‌ಗೆ ಹಾಕುವ ದುಡ್ಡನ್ನು ಈ ಮುಚ್ಚುವ ಕೆಲಸಕ್ಕೆ ಹಾಕಿದರೆ ಲಾಭ ಜಾಸ್ತಿ.

## ಹಂತ 7: ಹೋಸ್, ಓ ರಿಂಗ್, ಕೊನೆಗೆ ಡ್ರೈಯರ್

ಹೋಸ್‌ಗಳು ಬ್ಯಾರಿಯರ್ ಮಾದರಿಯವೇ (ಗ್ಯಾಸ್ ಹೊರಹೋಗದಂತೆ ಒಳಪದರ ಇರುವವು) ಆಗಬೇಕು. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ 8 ನಂಬರ್, ಅಲ್ಲಿಂದ ಡ್ರೈಯರ್ ಮೂಲಕ ಕಾಯಿಲ್‌ಗೆ 6 ನಂಬರ್, ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ 10 ನಂಬರ್. ತುದಿಗಳನ್ನು ಯಂತ್ರದಲ್ಲೇ ಕ್ರಿಂಪ್ ಮಾಡಿಸಿ. ಮೊದಲು ಕಾರಿನ ಮೇಲೆಯೇ ಹೋಸ್ ಇಟ್ಟು, ಯಾವ ತುದಿ ಯಾವ ಕಡೆಗೆ ತಿರುಗಬೇಕೆಂದು ಗುರುತು ಹಾಕಿಕೊಂಡು ಹೋಗಿ. ಕ್ಲಿಪ್ ಹಾಕಿ ಬಿಗಿದ ಜಾಯಿಂಟ್ ಇಲ್ಲಿ ನಡೆಯುವುದಿಲ್ಲ.

ಓ ರಿಂಗ್‌ಗಳು ಆರ್134ಎಗೆ ಒಗ್ಗುವವು, ಬಹುಪಾಲು ಹಸಿರು ಬಣ್ಣದವು. ಹಾಕುವ ಮೊದಲು ಮಿನರಲ್ ಎಣ್ಣೆ ಸವರಿ. ಕಂಪ್ರೆಸರ್‌ಗೆ ಹಾಕುವ ಪಿಎಜಿ ಎಣ್ಣೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜಾಯಿಂಟಿನ ಹೊರಗೆ ಅದು ಉಳಿದರೆ ನಮ್ಮ ಕಡೆ ಬೇಗ ತುಕ್ಕು ಬರುತ್ತದೆ. ಟೆಫ್ಲಾನ್ ಟೇಪ್ ಬೇಡ.

ಹೋಸ್ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಇರಲಿ. ಪೆಟ್ರೋಲ್ ಪೈಪನ್ನೂ ಇದೇ ಸಮಯದಲ್ಲಿ ನೋಡಿ. ಬಾನೆಟ್ ಒಳಗೆ ಈಗ ಬಿಸಿ ಹೆಚ್ಚುತ್ತದೆ. ಎಥನಾಲ್ ಬೆರೆತ ಇ20 ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಎರಡೂ ಸೇರಿದರೆ ಬೆಂಕಿಯ ಅಪಾಯ. ಹೊಸ ಪೈಪ್ ಹಾಕಿಯೇ ಮುಂದೆ ಹೋಗಿ.

ಒತ್ತಡದ ಸ್ವಿಚ್ ಹಾಕುವುದನ್ನು ಬಿಡಬೇಡಿ. ಗ್ಯಾಸ್ ಖಾಲಿಯಾಗಿ ಒತ್ತಡ ಸುಮಾರು 30 ಪಿಎಸ್‌ಐಗಿಂತ ಇಳಿದರೆ, ಅಥವಾ 380-400 ದಾಟಿದರೆ ಅದು ಕ್ಲಚ್ ಬಿಡಿಸುತ್ತದೆ. ಅದನ್ನು ಶಾರ್ಟ್ ಮಾಡಿ ಓಡಿಸಿದ ಕಂಪ್ರೆಸರ್‌ಗಳೇ ಗುಜರಿಗೆ ಹೋಗುವುದು.

ಡ್ರೈಯರ್ ನೆಟ್ಟಗೆ ನಿಲ್ಲಬೇಕು, ಒಳ-ಹೊರ ಗುರುತು ನೋಡಿ ಹಾಕಬೇಕು. ಅದರ ಮುಚ್ಚಳವನ್ನು ಉಳಿದೆಲ್ಲ ಜಾಯಿಂಟ್ ಬಿಗಿದಾದ ಮೇಲೆಯೇ ತೆಗೆಯಿರಿ. ತೆಗೆದ ಕೂಡಲೇ ಜೋಡಿಸಿ. ಒಳಗಿನ ಹರಳುಗಳು ಗಾಳಿಯ ತೇವ ಕುಡಿಯಲು ಆಗಲೇ ಶುರು ಮಾಡಿರುತ್ತವೆ.

## ಹಂತ 8: ನೈಟ್ರೋಜನ್ ಹಾಕಿ ಸೋರಿಕೆ ಹುಡುಕುವುದು

150 ಪಿಎಸ್‌ಐ ವರೆಗೆ ನೈಟ್ರೋಜನ್ ತುಂಬಿ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದೆಯೇ ನೋಡಿ. ಆಮೇಲೆ ರಾತ್ರಿಯಿಡೀ ಬಿಡಿ. ರಾತ್ರಿಯ ತಂಪಿಗೆ ಮೂರು-ನಾಲ್ಕು ಪಿಎಸ್‌ಐ ಇಳಿಯುವುದು ಸಹಜ, ಮಧ್ಯಾಹ್ನ ಮತ್ತೆ ಏರುತ್ತದೆ. ಏರದಿದ್ದರೆ ಸೋರಿಕೆ ಇದೆ. ಕಂಪ್ರೆಸರಿನ ಮುಂಭಾಗದ ಸೀಲ್ ಒಣಗಿದ್ದರೂ ಸೋರಬಹುದು. ಕ್ಲಚ್ ಮುಂಭಾಗವನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿ.

ಎಚ್ಚರಿಕೆ: ನೈಟ್ರೋಜನ್ ಬದಲಿಗೆ ಆಕ್ಸಿಜನ್ ಸಿಲಿಂಡರ್ ಎಂದೂ ಬಳಸಬಾರದು. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸ್ಫೋಟ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಅದರಲ್ಲಿ ನೀರಿರುತ್ತದೆ.

## ಹಂತ 9: ವ್ಯಾಕ್ಯೂಮ್, ಅವಸರ ಬೇಡ

30 ಡಿಗ್ರಿ ಹವೆಯಲ್ಲಿ ನೀರು ಕುದಿದು ಆವಿಯಾಗಬೇಕಾದರೆ ಗೇಜ್ ಕನಿಷ್ಠ 28.7 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ದಾಟಬೇಕು. 25-26ರಲ್ಲಿ ನಿಂತರೆ ಪಂಪ್ ಎಷ್ಟು ಹೊತ್ತು ಓಡಿದರೂ ನೀರು ಅಲ್ಲೇ ಇರುತ್ತದೆ. ಹತ್ತು ನಿಮಿಷ ಓಡಿಸಿ "ಆಯ್ತು" ಅನ್ನುವ ಗ್ಯಾರೇಜಿನಿಂದ ಕಾರು ವಾಪಸ್ ತನ್ನಿ.

ಕಾರನ್ನು ಮೊದಲು ಬಿಸಿಲಿಗೆ ನಿಲ್ಲಿಸಿ ಬೆಚ್ಚಗಾಗಿಸಿ. ಆಮೇಲೆ ಕನಿಷ್ಠ ಒಂದು ಗಂಟೆ, ಮಳೆಗಾಲವಾದರೆ ಎರಡು ಗಂಟೆ ಪಂಪ್ ಓಡಲಿ. ನಡುವೆ ಒಮ್ಮೆ ಪಂಪ್ ನಿಲ್ಲಿಸಿ ಒಣ ನೈಟ್ರೋಜನ್ ಸ್ವಲ್ಪ ತುಂಬಿ, ಮತ್ತೆ ಎಳೆಯಿರಿ. ತೇವವನ್ನು ನೈಟ್ರೋಜನ್ ಹೊತ್ತುಕೊಂಡು ಹೊರಗೆ ಬರುತ್ತದೆ. ಪಂಪಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದು ನೀರು ಕುಡಿದಿದೆ, ಬದಲಾಯಿಸಿ.

ಮೈಕ್ರಾನ್ ಗೇಜ್ ಇದ್ದರೆ 500 ಮೈಕ್ರಾನ್‌ಗೆ ಇಳಿಸಿ, ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾಯಿರಿ. ತುಸು ಏರಿ ಒಂದು ಕಡೆ ನಿಂತರೆ ತೇವ ಉಳಿದಿದೆ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ, ಹಂತ 8ಕ್ಕೆ ವಾಪಸ್.

## ಹಂತ 10: ಎಣ್ಣೆ ಮತ್ತು ಗ್ಯಾಸ್

ಕಂಪ್ರೆಸರ್ ಮೇಲಿನ ಲೇಬಲ್ ಯಾವ ಎಣ್ಣೆ, ಎಷ್ಟು ಎಂದು ಹೇಳುತ್ತದೆ. ಹೊಸ ಆರ್134ಎ ಕಂಪ್ರೆಸರ್‌ಗೆ ಪಿಎಜಿ. ಹಳೆಯ ವ್ಯವಸ್ಥೆಯ ಕೆಲ ಭಾಗ ಉಳಿಸಿಕೊಂಡು ಬದಲಾಯಿಸುವವರಿಗೆ ಎಸ್ಟರ್ ಎಣ್ಣೆ ಸುರಕ್ಷಿತ, ಉಳಿದ ಸ್ವಲ್ಪ ಮಿನರಲ್ ಎಣ್ಣೆಯನ್ನು ಅದು ಸಹಿಸುತ್ತದೆ. ಮಿನರಲ್ ಎಣ್ಣೆ ಆರ್134ಎ ಜೊತೆ ಬೆರೆಯುವುದಿಲ್ಲ. ಕಂಪ್ರೆಸರ್‌ಗೆ ವಾಪಸ್ ಬರದೆ ಕಾಯಿಲಿನಲ್ಲೇ ಕೂತುಬಿಡುತ್ತದೆ.

ಮೊದಲ ಬಾರಿ ಶುರು ಮಾಡುವ ಮುಂಚೆ ಕ್ಲಚ್ ಮುಂಭಾಗವನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಒಳಗೆ ಕೂತ ಎಣ್ಣೆ ಜಾಗ ಬಿಡುತ್ತದೆ.

ಗ್ಯಾಸನ್ನು ತೂಕ ಮಾಡಿಯೇ ಹಾಕಿ. ಆರ್12 ಕಾರಿನಲ್ಲಿ ಮೂಲ ತೂಕದ 80-85 ಶೇಕಡಾ ಸಾಕು. ಎಂಜಿನ್ ಓಡುತ್ತಿರುವಾಗ ಕಡಿಮೆ ಒತ್ತಡದ ಕಡೆಯಿಂದ ಮಾತ್ರ, ಸಿಲಿಂಡರ್ ನೆಟ್ಟಗೆ ಹಿಡಿದು, ಆವಿಯಾಗಿ ಬಿಡಿ. ತಲೆಕೆಳಗೆ ಹಿಡಿದರೆ ದ್ರವ ಹೋಗಿ ಕಂಪ್ರೆಸರಿನ ವಾಲ್ವ್ ಮುರಿಯುತ್ತದೆ. ಎಂಜಿನ್ ಓಡುವಾಗ ಹೆಚ್ಚಿನ ಒತ್ತಡದ ಗೇಜ್ ವಾಲ್ವ್ ತೆರೆದರೆ ಒತ್ತಡ ಸಿಲಿಂಡರ್ ಒಳಗೇ ನುಗ್ಗಿ ಅದು ಸಿಡಿಯಬಹುದು. ಆರ್134ಎ ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ. ಕೈಗೆ ಬಿದ್ದರೆ ಚರ್ಮ ಸುಟ್ಟಂತಾಗುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ತೀರಾ ಅಗ್ಗದ, ಗುರುತಿಲ್ಲದ ಸಿಲಿಂಡರ್ ಕೊಳ್ಳಬೇಡಿ. ಕೆಲವು ನಕಲಿ ಗ್ಯಾಸ್‌ಗಳಲ್ಲಿ ಆರ್40 ಬೆರೆತಿರುತ್ತದೆ. ಅದು ವಿಷ, ಮೇಲಾಗಿ ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. "ಆರ್12ಕ್ಕೆ ಬದಲಿ" ಎಂದು ಅಡುಗೆ ಗ್ಯಾಸ್ ಜಾತಿಯ ಮಿಶ್ರಣ ಹಾಕುವವರ ಹತ್ತಿರವೂ ಹೋಗಬೇಡಿ. ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಮುಂದೆ.

## ಹಂತ 11: ಗೇಜ್ ಏನು ಹೇಳುತ್ತದೆ

ಬಾಗಿಲು ತೆರೆದು, ಬ್ಲೋವರ್ ಪೂರ್ತಿ ಇಟ್ಟು, ಎಂಜಿನ್ 1500 ಸುತ್ತಿನಲ್ಲಿ ಓಡಲಿ. ಹೊರಗೆ 32-35 ಡಿಗ್ರಿ ಇದ್ದರೆ ಕಡಿಮೆ ಒತ್ತಡದ ಕಡೆ 25-40 ಪಿಎಸ್‌ಐ, ಹೆಚ್ಚಿನ ಒತ್ತಡದ ಕಡೆ 200-260 ಇರಬೇಕು. ಐದ್ಹತ್ತು ನಿಮಿಷದ ಬಳಿಕ ವೆಂಟ್‌ನಲ್ಲಿ 10-12 ಡಿಗ್ರಿ ಬಂದರೆ ನಮ್ಮ ಊರಿನ ಮಟ್ಟಿಗೆ ಅದು ಒಳ್ಳೆಯ ಎಸಿ. 4 ಡಿಗ್ರಿಗೆ ಆಸೆಪಟ್ಟು ಗ್ಯಾಸ್ ಜಾಸ್ತಿ ಹಾಕಿದರೆ ತಂಪು ಕಡಿಮೆಯೇ ಆಗುತ್ತದೆ.

ಎರಡೂ ಕಡಿಮೆ: ಗ್ಯಾಸ್ ಸಾಲದು, ಸೋರಿಕೆ ಹುಡುಕಿ. ಎರಡೂ ಜಾಸ್ತಿ: ಗ್ಯಾಸ್ ಹೆಚ್ಚಾಗಿದೆ ಅಥವಾ ಕಂಡೆನ್ಸರ್‌ಗೆ ಗಾಳಿ ಸಾಲದು. ಮುಂದೆ ನೀರು ಚಿಮುಕಿಸಿ ನೋಡಿ, ಒತ್ತಡ ಸರ್ರನೆ ಇಳಿದರೆ ತಪ್ಪು ಗಾಳಿಯದು. ಕಡಿಮೆ ಕಡೆ ಜಾಸ್ತಿ, ಹೆಚ್ಚಿನ ಕಡೆ ಕಡಿಮೆ: ಕಂಪ್ರೆಸರ್ ಸವೆದಿದೆ. ಮೊದಲು ಚೆನ್ನಾಗಿ ತಂಪಾಗಿ, ಸ್ವಲ್ಪ ಹೊತ್ತಿಗೆ ನಿಂತು, ಆಫ್ ಮಾಡಿ ಬಿಟ್ಟರೆ ಮತ್ತೆ ಸರಿಯಾಗುತ್ತದೆಯೇ? ಕಡಿಮೆ ಕಡೆಯ ಗೇಜ್ ಆಗ ವ್ಯಾಕ್ಯೂಮ್‌ಗೆ ಇಳಿದಿದ್ದರೆ ಒಳಗಿನ ನೀರು ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಐಸ್ ಆಗುತ್ತಿದೆ. ಡ್ರೈಯರ್ ಬದಲಾಯಿಸಿ ಹಂತ 9 ಮತ್ತೆ ಮಾಡಿ.

ಇನ್ನೊಂದು ಮಾತು. ಎಂಜಿನ್ ಆಫ್ ಇರುವಾಗ ಗೇಜ್ ನೋಡಿ "ಗ್ಯಾಸ್ ಫುಲ್ ಇದೆ" ಅನ್ನುವುದನ್ನು ನಂಬಬೇಡಿ. 30 ಡಿಗ್ರಿಯಲ್ಲಿ ಆರ್134ಎ ಒತ್ತಡ ಸುಮಾರು 97 ಪಿಎಸ್‌ಐ. ಒಳಗೆ ಅರ್ಧ ಗ್ಯಾಸ್ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಆದರೆ ತಣ್ಣಗಿರುವ ಕಾರಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ತೋರಿಸಿದರೆ ಒಳಗೆ ಗಾಳಿ ಸೇರಿದೆ.

## ಹಂತ 12: ರಸ್ತೆ ಪರೀಕ್ಷೆ, ಆಮೇಲಿನ ಆರೈಕೆ

ಮೊದಲು ಹೆದ್ದಾರಿಯಲ್ಲಿ ಸುರತ್ಕಲ್ ಕಡೆಗೆ ಒಂದು ಓಟ, ಆಮೇಲೆ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ, ಕೊನೆಗೆ ಹಂತ 1ರ ಏರು, ಈ ಸಲ ಎಸಿ ಹಾಕಿಕೊಂಡು. ಓಡುವಾಗ ತಂಪಿದ್ದು ನಿಂತಾಗ ಹೋದರೆ ಕಂಡೆನ್ಸರ್ ಫ್ಯಾನ್ ಸಾಲದು. ಆಗುಂಬೆಯಂಥ ಘಾಟಿಗೆ ಈ ಮೂರೂ ಪಾಸಾದ ಮೇಲೆ ಹೋಗಿ. ಏರಿನ ನಡುವೆ ಸೂಜಿ ಏರಿದರೆ ಎಸಿ ಆಫ್ ಮಾಡಿ, ಕಂಡೆನ್ಸರ್ ಫ್ಯಾನ್ ಮಾತ್ರ ಓಡಲಿ. ಅದಕ್ಕಾಗಿಯೇ ಫ್ಯಾನ್‌ಗೆ ಬೇರೆ ಸ್ವಿಚ್ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಬೆಲ್ಟ್ ಕಿರುಚುವುದು, ಕ್ಲಚ್ ಕ್ಷಣಕ್ಷಣಕ್ಕೂ ಬಿದ್ದು ಏಳುವುದು, ಜಾಯಿಂಟಿನ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಅಂಟುವುದು, ಕಾಲಿನ ಬಳಿ ಕಾರ್ಪೆಟ್ ಒದ್ದೆ: ಇವುಗಳಲ್ಲಿ ಯಾವುದು ಕಂಡರೂ ಆ ವಾರವೇ ನೋಡಿ.

ಮಲ್ಪೆ, ಪಣಂಬೂರು, ಕಾಪು ಕಡೆ ಕಡಲ ಬದಿಯಲ್ಲಿ ಕಾರು ನಿಲ್ಲಿಸಿ ಬಂದರೆ ಕಂಡೆನ್ಸರ್‌ಗೆ ಸಿಹಿನೀರನ್ನು ಮೆಲ್ಲಗೆ ಹಾಯಿಸಿ. ಬೇಸಿಗೆಯಲ್ಲಿ ಕೆಂಪು ಕಲ್ಲಿನ ಧೂಳಿಗೂ ಇದೇ ಮದ್ದು. ಸರ್ವೀಸ್ ಸ್ಟೇಷನ್ನಿನ ಜೋರು ನೀರು ಹಿಡಿದರೆ ಫಿನ್ ಮಡಚಿಕೊಳ್ಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರನ್ನು ಶೆಡ್ಡಿನಲ್ಲಿ ಮುಚ್ಚಿಡುವವರು ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಎಣ್ಣೆ ಸೀಲ್‌ವರೆಗೆ ತಲುಪಬೇಕು. ನಿಲ್ಲಿಸುವ ಐದು ನಿಮಿಷ ಮೊದಲು ಕಂಪ್ರೆಸರ್ ಆಫ್ ಮಾಡಿ ಬ್ಲೋವರ್ ಮಾತ್ರ ಬಿಡಿ. ಕಾಯಿಲ್ ಒಣಗುತ್ತದೆ, ಬೂಷ್ಟು ಹಿಡಿದ ವಾಸನೆ ಬರುವುದಿಲ್ಲ.